ಮನೆ ಕೊಳ್ಳುವ ಮಾತಿನಲ್ಲಿ ಬಿಟ್ಟುಹೋಗುವ ಚರಿತ್ರೆ

ಎಲ್ಲರಿಗೂ ನಮಸ್ಕಾರ. ಎರಡನೇ ಕ್ಲಾಸಿನ ಮಗಳು ಶಾಲೆಯಲ್ಲಿ ಬಿಳಿಯರ ಶಾಲೆಗೆ ಸೇರಿದ ಕಪ್ಪು ಹುಡುಗಿ ರೂಬಿ ಬ್ರಿಜಸ್ ಕಥೆ ಕೇಳಿ ಬಂದು ರಾತ್ರಿಯೆಲ್ಲ ಪ್ರಶ್ನೆ ಕೇಳಿದಳು ಎಂದು ಒಬ್ಬರು ನಮ್ಮ ಈ ನ್ಯೂಜೆರ್ಸಿ ಕನ್ನಡಿಗರ ಗುಂಪಿನಲ್ಲಿ ಬರೆದಿದ್ದರು. 'ಇಷ್ಟು ಚಿಕ್ಕ ಮಕ್ಕಳಿಗೆ ಇದೆಲ್ಲ ಯಾಕೆ? ಅಷ್ಟಕ್ಕೂ ಇದು ನಮ್ಮ ಚರಿತ್ರೆ ಅಲ್ವಲ್ಲ' ಅನ್ನುವುದು ಅವರ ಮಾತು. ತುಂಬ ಜನ ಹೌದು ಅಂದಿದ್ದಾರೆ. ನನಗೆ ಬೇರೆ ಅನ್ನಿಸುತ್ತದೆ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ವಯಸ್ಸಿನ ಮಾತು. 1960ರ ನವೆಂಬರಿನಲ್ಲಿ ನ್ಯೂ ಆರ್ಲಿಯನ್ಸಿನ ಬಿಳಿಯರ ಶಾಲೆಗೆ ಕಾಲಿಟ್ಟಾಗ ರೂಬಿಗೆ 6 ವರ್ಷ. ಜೊತೆಗೆ ಸರ್ಕಾರದ ಮಾರ್ಷಲ್‌ಗಳು ಕಾವಲಿದ್ದರು. ಹೊರಗೆ ದೊಡ್ಡವರು ನಿಂತು ಕೂಗಾಡುತ್ತಿದ್ದರು. ಬಿಳಿಯ ಅಪ್ಪ ಅಮ್ಮಂದಿರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದರು. ವರ್ಷವಿಡೀ ಬಾರ್ಬರಾ ಹೆನ್ರಿ ಎಂಬ ಒಬ್ಬ ಟೀಚರ್, ಒಬ್ಬಳೇ ವಿದ್ಯಾರ್ಥಿನಿ. ಇದನ್ನು ಅನುಭವಿಸಲು 6 ವರ್ಷ ಸಾಕಾಗಿತ್ತು. ಕೇಳಲು 7 ವರ್ಷ ಸಾಲದೇ? ನಿದ್ದೆ ಬರದಿದ್ದರೆ ಪಕ್ಕದಲ್ಲಿ ಕೂತು ಮಾತಾಡೋಣ. ಬೇಡ ಅಂದರೂ ನಮ್ಮ ನ್ಯೂಜೆರ್ಸಿಯಲ್ಲಿ ಶಾಲೆಗಳು ಬಿಡುವ ಹಾಗಿಲ್ಲ. ಕಪ್ಪು ಜನರ ಚರಿತ್ರೆಯನ್ನು ಶಾಲೆಯಲ್ಲಿ ಕಲಿಸಬೇಕೆನ್ನುವ 2002ರ ಅಮಿಸ್ಟಾಡ್ ಕಾನೂನು ಇದೆ.

ಶಾಲೆ ಹೇಳುವುದು ಜಾಸ್ತಿಯಾಯಿತು ಅನ್ನುವವರಿದ್ದಾರೆ. ನನ್ನ ತಕರಾರು ಉಲ್ಟಾ. ಮಕ್ಕಳ ತಲೆಯಲ್ಲಿ ಉಳಿಯುವುದು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದೆ ಕೂತ ರೋಸಾ ಪಾರ್ಕ್ಸ್ ಮತ್ತು ಭಾಷಣ ಮಾಡಿದ ಮಾರ್ಟಿನ್ ಲೂಥರ್ ಕಿಂಗ್. ಕೆಟ್ಟ ಕಾನೂನು ಇತ್ತು, ಒಳ್ಳೆಯವರು ಬಂದರು, ಎಲ್ಲ ಸರಿಹೋಯಿತು. ಹಾಗಾದರೆ ಇವತ್ತಿಗೂ ಒಂದು ಊರಿನಲ್ಲಿ ಬರೀ ಕಪ್ಪು ಜನ, ಪಕ್ಕದ ಊರಿನಲ್ಲಿ ಅವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಯಾಕೆ? ಇದಕ್ಕೆ ಉತ್ತರ ಸಿಗದ ಮಗು ತಾನೇ ಒಂದು ಉತ್ತರ ಕಟ್ಟಿಕೊಳ್ಳುತ್ತದೆ. ಅದಕ್ಕೆ ಬೇಕಾದ ಸಾಮಾನನ್ನೆಲ್ಲ ಒದಗಿಸುವವರು ನಾವೇ. ನಾಲ್ಕು ಕನ್ನಡದ ಸಂಸಾರ ಊಟಕ್ಕೆ ಸೇರಿದರೆ ಮಾತು ಯಾವುದು ಹೇಳಿ? ಮನೆ ರೇಟು, ಸ್ಕೂಲ್ ಡಿಸ್ಟ್ರಿಕ್ಟು, ರೇಟಿಂಗ್ ಎಂಟೋ ಒಂಬತ್ತೋ. 'ಆ ಕಡೆ ಬೇಡ ಕಣ್ರೀ, ಏರಿಯಾ ಸರಿಯಿಲ್ಲ.' ಮಕ್ಕಳು ಪಕ್ಕದ ರೂಮಿನಲ್ಲಿ ಗೇಮ್ ಆಡುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿರುತ್ತಾರೆ.

ಏರಿಯಾ ತಾನಾಗಿ ಹಾಗಾಗಲಿಲ್ಲ, ಅದನ್ನು ಹಾಗೆ ಮಾಡಿಟ್ಟರು. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ಅಮೆರಿಕದ ನಗರಗಳ ನಕ್ಷೆ ಮಾಡಿ ಬಣ್ಣ ಬಳಿಯಿತು. ಹಸಿರು ಅಂದರೆ ಉತ್ತಮ, ಕೆಂಪು ಅಂದರೆ ಅಪಾಯ. ಕಪ್ಪು ಜನರಿದ್ದ ಬಡಾವಣೆಗಳಿಗೆ ಹೆಚ್ಚುಕಮ್ಮಿ ಎಲ್ಲ ಕಡೆ ಕೆಂಪು ಬಿತ್ತು. 1934ರಲ್ಲಿ ಹುಟ್ಟಿದ ಗೃಹಸಾಲ ಇಲಾಖೆ ಎಫ್‌ಎಚ್‌ಎ ಅಂಥ ಜಾಗದ ಸಾಲಕ್ಕೆ ಭದ್ರತೆ ಕೊಡುತ್ತಿರಲಿಲ್ಲ. ಭದ್ರತೆ ಇಲ್ಲದಿದ್ದರೆ ಬ್ಯಾಂಕು ಯಾಕೆ ಸಾಲ ಕೊಡುತ್ತದೆ? ಎರಡನೇ ಮಹಾಯುದ್ಧ ಮುಗಿಸಿ ಬಂದ ಬಿಳಿಯ ಸೈನಿಕ ಕಡಿಮೆ ಬಡ್ಡಿಯಲ್ಲಿ ಹೊಸ ಮನೆ ಕೊಂಡ. ಅದೇ ಯುದ್ಧದಿಂದ ಬಂದ ಕಪ್ಪು ಸೈನಿಕರಲ್ಲಿ ಹೆಚ್ಚಿನವರು ಬಾಡಿಗೆ ಮನೆಯಲ್ಲೇ ಉಳಿದರು. ಮನೆಯ ಬೆಲೆ ಏರಿದ ಹಾಗೆ ಒಂದು ಕುಟುಂಬಕ್ಕೆ ಆಸ್ತಿ ಬೆಳೆಯಿತು, ಇನ್ನೊಂದಕ್ಕೆ ಏನೂ ಇಲ್ಲ. ಶಾಲೆಗೆ ಬಹಳಷ್ಟು ದುಡ್ಡು ಬರುವುದೋ ಪ್ರಾಪರ್ಟಿ ಟ್ಯಾಕ್ಸಿನಿಂದ. ಅದು ಎಷ್ಟು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ ಬಿಡಿ.

ಇದು ಅಮೆರಿಕದ ದಕ್ಷಿಣ ರಾಜ್ಯಗಳ ಕಥೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಟರ್ನ್‌ಪೈಕ್ ಹೆದ್ದಾರಿ ಹತ್ತಿರದ ವಿಲಿಂಗ್‌ಬರೋದಲ್ಲಿ 1958ರಲ್ಲಿ ಲೆವಿಟ್ ಕಂಪನಿ ಸಾವಿರಗಟ್ಟಲೆ ಮನೆ ಕಟ್ಟಲು ಹೊರಟಾಗ, ಕಪ್ಪು ಜನರಿಗೆ ಮಾರುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿತ್ತು. ಕೊಳ್ಳಲು ಹೋಗಿ ವಾಪಸ್ ಬಂದವರು ದೂರು ಕೊಟ್ಟರು. ಎಫ್‌ಎಚ್‌ಎ ನೆರವಿನ ಮನೆಗಳಲ್ಲಿ ಈ ಭೇದ ನಡೆಯದು ಎಂದು 1960ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದದ್ದು 1968ರ ಏಪ್ರಿಲಿನಲ್ಲಿ, ಕಿಂಗ್ ಕೊಲೆಯಾದ ಒಂದು ವಾರಕ್ಕೆ. ಹೈಸ್ಕೂಲ್ ಮಕ್ಕಳಿಗೆ ಇಷ್ಟು ಹೇಳಿ ನೋಡಿ. ನಮಗಿಂತ ಬೇಗ ಲೆಕ್ಕ ಹಾಕುತ್ತಾರೆ.

ಇನ್ನು 'ನಮ್ಮದಲ್ಲ' ಅನ್ನುವ ಮಾತು. ವೈಷ್ಣೋ ದಾಸ್ ಬಾಗಾಯ್ ಹೆಂಡತಿ ಕಲಾ ಮತ್ತು ಮೂರು ಗಂಡುಮಕ್ಕಳ ಜೊತೆ 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವರು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ತಂದ ದಿನ ಅಕ್ಕಪಕ್ಕದವರು ಒಳಗೆ ಬಿಡಲಿಲ್ಲ. ಪೌರತ್ವ ಸಿಕ್ಕಿತ್ತು. ಆಗಿನ ಕಾನೂನಿನಲ್ಲಿ ಭಾರತೀಯರಿಗೆ ಪೌರತ್ವ ಬೇಕಾದರೆ ಬಿಳಿಯರು ಅನ್ನಿಸಿಕೊಳ್ಳಬೇಕಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ವಲಸಿಗರ ಮೊಕದ್ದಮೆಯಲ್ಲಿ ದೇಶದ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ ಎಂದಿತು, ಬಾಗಾಯ್ ಅವರ ಪೌರತ್ವವೂ ಹೋಯಿತು. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಥಿಂಡ್ ಪರವಾಗಿ ಕೋರ್ಟಿನಲ್ಲಿ ಏನು ವಾದ ಮಾಡಿದರು ಅನ್ನುವುದನ್ನೂ ಮಕ್ಕಳಿಂದ ಮುಚ್ಚಿಡಬಾರದು. ಇವರು ಮೇಲ್ಜಾತಿಯವರು, ಆರ್ಯ ರಕ್ತದವರು, ಆದ್ದರಿಂದ ಬಿಳಿಯರ ಸಾಲಿಗೆ ಸೇರಿಸಿ ಎಂದು. ಆ ಸಾಲು ಯಾಕಿರಬೇಕು ಎಂದು ಕೇಳಲಿಲ್ಲ. ಜಾತಿಯ ಮಾತು ಮನೆಯಲ್ಲಿ ಎತ್ತಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಆಮೇಲೆ 1946ರಲ್ಲಿ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ ಕೊಟ್ಟರು. ಬಾಗಿಲು ನಿಜವಾಗಿ ತೆರೆದದ್ದು 1965ರ ವಲಸೆ ಕಾನೂನು. ಅದಕ್ಕೆ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾಯಿದೆ ಬಂದಿತ್ತು. 1965ರ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯಿದೆ. ಬೀದಿಗಿಳಿದು ಪೆಟ್ಟು ತಿಂದವರು ಕಪ್ಪು ಜನ. ಅದರ ಲಾಭ ನಮ್ಮ ದೊಡ್ಡಪ್ಪ, ಚಿಕ್ಕಪ್ಪಂದಿರಿಗೂ ಸಿಕ್ಕಿತು. 'ನಾವು ಕಷ್ಟಪಟ್ಟು ಮೇಲೆ ಬಂದೆವು, ಅವರಿಗೇನಾಗಿದೆ' ಎಂದು ಇದೇ ಗುಂಪಿನಲ್ಲಿ ಓದಿದ್ದೇನೆ. ಡಿಗ್ರಿ ಇದ್ದವರನ್ನೇ ಆರಿಸಿ ವೀಸಾ ಕೊಟ್ಟ ದೇಶದಲ್ಲಿ ನಿಂತು ಈ ಹೋಲಿಕೆ ಮಾಡುವುದು ಸರಿಯಲ್ಲ, ಅಲ್ವಾ?

ಊರಿಂದ ಬಂದ ಅಜ್ಜಿ 'ಬಿಸಿಲಲ್ಲಿ ಆಡಬೇಡ, ಕಪ್ಪಾಗ್ತೀಯ' ಎಂದಾಗ ಸುಮ್ನೆ ನಕ್ಕು ಬಿಡುವುದೂ ಒಂದು ಪಾಠವೇ. ಅಜ್ಜಿಯ ಜೊತೆ ಜಗಳ ಬೇಡ. ಆಮೇಲೆ ಮಗುವಿಗೆ ಒಂದು ಮಾತು ಹೇಳಿದರಾಯಿತು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಯರ ಬಗ್ಗೆಯೂ ಹೇಳಿ. ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ಬಂದವರಲ್ಲಿ ಹಲವರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದರು. ಇವತ್ತು ಕನ್ನಡ, ಕೊಂಕಣಿ ಆಡುವ ಅವರೂ ಕನ್ನಡಿಗರೇ. ಇಲ್ಲಿ ಹುಟ್ಟಿದ ಎಷ್ಟು ಮಕ್ಕಳಿಗೆ ಇದು ಗೊತ್ತು?

ನನ್ನದೊಂದು ಸಲಹೆ ಇದೆ. ಚೆರ್ರಿ ಹಿಲ್ ಪಕ್ಕದಲ್ಲೇ ಲಾನ್‌ಸೈಡ್ ಎಂಬ ಸಣ್ಣ ಊರಿದೆ. ಕಪ್ಪು ಜನರೇ ಆಡಳಿತ ಕಟ್ಟಿಕೊಂಡು 1926ರಲ್ಲಿ ಬರೋ (ಪುಟ್ಟ ಪುರಸಭೆ) ಆದ ಊರು. ದಕ್ಷಿಣದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರಿಗೆ ಪೀಟರ್ ಮಾಟ್ ಎಂಬ ಕಪ್ಪು ರೈತ ಆಸರೆ ಕೊಟ್ಟ ಮನೆ ಅಲ್ಲಿ ಮ್ಯೂಸಿಯಂ ಆಗಿದೆ. ಉತ್ತರದ ರಾಜ್ಯಗಳಲ್ಲಿ ಗುಲಾಮಗಿರಿಯನ್ನು ಕೊನೆಗೆ ಬಿಟ್ಟದ್ದು ನಮ್ಮ ನ್ಯೂಜೆರ್ಸಿ ಎಂಬುದು ಮಕ್ಕಳಿಗೆ ಅಲ್ಲಿ ನಿಂತಾಗ ಚೆನ್ನಾಗಿ ನಾಟುತ್ತದೆ. ಕನ್ನಡ ಕ್ಲಾಸು ಮುಗಿದ ಮೇಲೆ ಒಂದು ಶನಿವಾರ ಹೋಗೋಣ. ಮೊದಲೇ ಫೋನ್ ಮಾಡಿ ವೇಳೆ ಕೇಳುವ ಕೆಲಸ ನನ್ನದು. ಆರನೇ ಕ್ಲಾಸಿಗಿಂತ ದೊಡ್ಡ ಮಕ್ಕಳಿದ್ದರೆ ಹಳೆಯ ಕೆಂಪು-ಹಸಿರು ನಕ್ಷೆಗಳು ಆನ್‌ಲೈನಿನಲ್ಲಿ ಸಿಗುತ್ತವೆ, ಹೊರಡುವ ಮುಂಚೆ ನಮ್ಮ ರಾಜ್ಯದ ನ್ಯೂಆರ್ಕ್ ನಗರದ್ದನ್ನು ತೋರಿಸಿ. ಬರುವವರು ಕೆಳಗೆ ಎಷ್ಟು ಜನ ಅಂತ ಹಾಕಿ. ಪುಳಿಯೋಗರೆ ನಾನು ತರುತ್ತೇನೆ, ಮೊಸರನ್ನ ಯಾರಾದರೂ ಒಪ್ಪಿಕೊಳ್ಳಿ.