ಗ್ರಂಥಾಲಯ ಸಿಬ್ಬಂದಿಗೆ ಆನ್‌ಲೈನ್ ಪರಿಕರಗಳನ್ನು ಕಲಿಸುವುದು: ಕಾರ್ಯಾಗಾರ ಮುಗಿದ ಮೇಲೆ ಏನು?

ಪ್ರಶ್ನೆ: ಕಪಾಟಿನಾಚೆ

ಎಲ್ಲರಿಗೂ ನಮಸ್ಕಾರ. ಮಧ್ಯಮ ಗಾತ್ರದ ಗ್ರಂಥಾಲಯವೊಂದರಲ್ಲಿ ಸಿಬ್ಬಂದಿಯ ತರಬೇತಿಯನ್ನು ನೋಡಿಕೊಳ್ಳುವ ಹೊಣೆ ನನ್ನದು. ಆನ್‌ಲೈನ್ ಸೂಚಿ, ಇ-ಪುಸ್ತಕಗಳ ಜಾಲತಾಣ, ನಿಯತಕಾಲಿಕೆಗಳ ಡೇಟಾಬೇಸ್ ಹೀಗೆ ಒಂದೊಂದರ ಬಗ್ಗೆಯೂ ಕಾರ್ಯಾಗಾರ ನಡೆಸಿದ್ದೇವೆ. ಆ ದಿನ ಎಲ್ಲರೂ ಆಸಕ್ತಿಯಿಂದಲೇ ಕುಳಿತು ಕೇಳುತ್ತಾರೆ. ಆದರೆ ಕೆಲವು ವಾರಗಳ ನಂತರ ಓದುಗರೊಬ್ಬರು ಬಂದು, ‘ಈ ಲೇಖನ ಇಲ್ಲಿನ ಕಂಪ್ಯೂಟರಿನಲ್ಲಿ ತೆರೆಯುತ್ತದೆ, ನನ್ನ ಫೋನಿನಲ್ಲಿ ತೆರೆಯುವುದಿಲ್ಲ’ ಎಂದರೆ, ಕೌಂಟರಿನಲ್ಲಿರುವವರು ಹಿಂದಿನಂತೆಯೇ ಕಂಪ್ಯೂಟರ್ ಬಲ್ಲ ಒಬ್ಬ ಸಹೋದ್ಯೋಗಿಯತ್ತ ಕೈ ತೋರಿಸುತ್ತಾರೆ. ಆ ಒಬ್ಬರು ರಜೆಯಲ್ಲಿದ್ದರೆ ಓದುಗರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ಇದಕ್ಕೆ ವಯಸ್ಸೇ ಕಾರಣ ಎನ್ನುವವರಿದ್ದಾರೆ. ವರ್ಗೀಕರಣದ ಸಂಖ್ಯೆ ಕೇಳಿದೊಡನೆ ಕಪಾಟಿನ ಬಳಿಗೆ ನೇರವಾಗಿ ನಡೆದುಹೋಗುವ ಹಿರಿಯ ಸಹಾಯಕರನ್ನು ದಿನವೂ ನೋಡುವ ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಇನ್ನೊಂದು ತೊಡಕೂ ಇದೆ: ಜಾಲತಾಣದ ವಿನ್ಯಾಸ ಬದಲಾದೊಡನೆ, ಅದುವರೆಗೆ ಬರೆದುಕೊಂಡ ಟಿಪ್ಪಣಿಗಳೆಲ್ಲ ನಿರುಪಯುಕ್ತವಾಗುತ್ತವೆ. ಕಲಿತದ್ದು ಉಳಿಯಬೇಕಾದರೆ ತರಬೇತಿಯನ್ನು ಹೇಗೆ ರೂಪಿಸಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಸೂಚಿಪೆಟ್ಟಿಗೆ

ತಾವು ಕೇಳಿರುವ ಪ್ರಶ್ನೆಗೆ ಒಂದು ಇತಿಹಾಸವಿದೆ. 2006ರಲ್ಲಿ ಅಮೆರಿಕದ ಶಾರ್ಲಟ್ ಮತ್ತು ಮೆಕ್ಲೆನ್‌ಬರ್ಗ್ ಕೌಂಟಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಹೆಲೆನ್ ಬ್ಲೋವರ್ಸ್ ಅವರು ‘ಲರ್ನಿಂಗ್ 2.0’ ಎಂಬ ಕಾರ್ಯಕ್ರಮವನ್ನು ರೂಪಿಸಿದರು. ಅದು ‘23 ಥಿಂಗ್ಸ್’ ಎಂಬ ಹೆಸರಿನಿಂದಲೇ ಹೆಚ್ಚು ಪ್ರಸಿದ್ಧವಾಯಿತು. ಬ್ಲಾಗ್, ಫ್ಲಿಕರ್ (ಚಿತ್ರಗಳನ್ನು ಹಂಚಿಕೊಳ್ಳುವ ತಾಣ), ಆರ್‌ಎಸ್‌ಎಸ್ (ಜಾಲತಾಣಗಳ ಹೊಸ ಬರಹಗಳನ್ನು ಒಂದೆಡೆ ತರಿಸಿಕೊಳ್ಳುವ ವ್ಯವಸ್ಥೆ), ವಿಕಿ (ಹಲವರು ಸೇರಿ ತಿದ್ದಬಹುದಾದ ಜಾಲಪುಟ), ಲೈಬ್ರರಿಥಿಂಗ್ (ತಮ್ಮ ಪುಸ್ತಕಗಳ ಪಟ್ಟಿ ಮಾಡಿಡುವ ತಾಣ) ಮೊದಲಾದವುಗಳನ್ನು ಒಳಗೊಂಡ 23 ಸಣ್ಣ ಅಭ್ಯಾಸಗಳನ್ನು 9 ವಾರಗಳಿಗೆ ಹಂಚಿದ್ದರು. ಸಿಬ್ಬಂದಿ ತಾವೇ ಒಂದು ಬ್ಲಾಗ್ ತೆರೆದು, ಪ್ರತಿಯೊಂದು ಅಭ್ಯಾಸದ ಬಗ್ಗೆಯೂ ತಮಗೆ ತೋಚಿದ್ದನ್ನು ಅಲ್ಲಿ ಬರೆಯಬೇಕಿತ್ತು. ಕಾಲಮಿತಿಯೊಳಗೆ ಮುಗಿಸಿದವರಿಗೆ ಎಂಪಿ3 ಪ್ಲೇಯರ್ ಬಹುಮಾನವಾಗಿ ಸಿಗುತ್ತಿತ್ತು. ಪಠ್ಯವನ್ನು, ಇತರರೂ ಬಳಸಿಕೊಳ್ಳಲು ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದರಿಂದ ಬೇರೆ ಬೇರೆ ದೇಶಗಳ ಗ್ರಂಥಾಲಯಗಳು ಅದನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡವು.

ನನ್ನ ಅಭಿಪ್ರಾಯದಲ್ಲಿ ಅದರ ಶಕ್ತಿ ಪಟ್ಟಿಯಲ್ಲಿರಲಿಲ್ಲ, ಬರೆಯುವ ನಿಯಮದಲ್ಲಿತ್ತು. ಬೋಧಕರು ಪರದೆಯ ಮೇಲೆ ತೋರಿಸಿದ್ದನ್ನು ನೋಡಿ ತಲೆಯಾಡಿಸುವುದು ಸುಲಭ. ಅದನ್ನೇ ತಾನಾಗಿ ಮಾಡಿ, ಎಲ್ಲಿ ತಡವರಿಸಿದೆ ಎಂದು ನಾಲ್ಕು ಸಾಲು ಬರೆಯಲು ಹೊರಟಾಗ ತಿಳಿದದ್ದೆಷ್ಟು, ತಿಳಿಯದೆ ಉಳಿದದ್ದೆಷ್ಟು ಎಂಬುದು ತಾನೇ ಹೊರಬೀಳುತ್ತದೆ. ಬಹುಮಾನದ ವಿಚಾರವನ್ನು ತಮ್ಮ ವಿವೇಚನೆಗೆ ಬಿಡುತ್ತೇನೆ.

ಉತ್ತರ: ಪರಾಮರ್ಶನ ವಿಭಾಗ

ಮೇಲಿನವರು ಹೇಳಿದ ಇತಿಹಾಸ ಸರಿ. ಆದರೆ ಪಟ್ಟಿ ಹಿಡಿದು ಪರಿಕರಗಳನ್ನು ಒಂದೊಂದಾಗಿ ಪರಿಚಯಿಸುವ ಕ್ರಮದ ಬಗ್ಗೆ ನನಗೆ ಆಕ್ಷೇಪವಿದೆ. ಆರ್‌ಎಸ್‌ಎಸ್ ಎಂದರೆ ಅದನ್ನು ಓದಲು ಗೂಗಲ್ ಕೊಡುತ್ತಿದ್ದ ‘ಗೂಗಲ್ ರೀಡರ್’ ಸೇವೆ ಎಂದಷ್ಟೇ ಕಲಿತವರಿಗೆ 2013ರ ಜುಲೈನಲ್ಲಿ ಆ ಸೇವೆ ನಿಂತಾಗ ಕಲಿಕೆಯೂ ಅಲ್ಲಿಗೇ ನಿಂತಿತು. ಫೀಡ್ (ಜಾಲತಾಣವೊಂದು ತನ್ನ ಹೊಸ ಬರಹಗಳನ್ನು ಹೊರಬಿಡುವ ಪಟ್ಟಿ) ಎಂದರೇನು ಎಂದು ತಿಳಿದಿದ್ದವರು ತಮ್ಮ ಚಂದಾಪಟ್ಟಿಯನ್ನು ಕಡತವಾಗಿ ಇಳಿಸಿಕೊಂಡು ಬೇರೊಂದು ಸೇವೆಗೆ ಹೊರಟುಹೋದರು.

ತಾವು ಕೊಟ್ಟಿರುವ ಫೋನಿನ ಉದಾಹರಣೆಯನ್ನೇ ಪಾಠವಾಗಿ ಮಾಡಬಹುದಲ್ಲ! ಅನೇಕ ಡೇಟಾಬೇಸ್‌ಗಳು ಬಂದವರು ಯಾರು ಎಂದು ನೋಡುವುದಿಲ್ಲ, ಯಾವ ಐಪಿ ವಿಳಾಸದಿಂದ (ಅಂತರಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಬಂದರು ಎಂದು ನೋಡುತ್ತವೆ. ಗ್ರಂಥಾಲಯದ ಜಾಲದೊಳಗಿರುವ ಕಂಪ್ಯೂಟರಿಗೆ ಲೇಖನ ತೆರೆದುಕೊಳ್ಳುತ್ತದೆ. ಅದೇ ಮೇಜಿನ ಮೇಲಿದ್ದರೂ ಮೊಬೈಲ್ ಡೇಟಾ ಬಳಸುತ್ತಿರುವ ಫೋನಿಗೆ ಹಣ ಕೊಡಿ ಎನ್ನುವ ಪುಟ ಕಾಣಿಸುತ್ತದೆ. ಆಗ ಸಿಬ್ಬಂದಿ ಕೇಳಬೇಕಾದ ಮೊದಲ ಪ್ರಶ್ನೆ, ‘ನಿಮ್ಮ ಫೋನ್ ನಮ್ಮ ವೈ-ಫೈಗೆ ಸೇರಿದೆಯೇ?’ ಎಂಬುದು. ಓದುಗರು ಮನೆಯಿಂದ ಪ್ರಯತ್ನಿಸುತ್ತಿದ್ದರೆ, ಗ್ರಂಥಾಲಯ ಒದಗಿಸಿರುವ ಪ್ರಾಕ್ಸಿ (ಹೊರಗಿನಿಂದ ಬಂದವರನ್ನು ಗ್ರಂಥಾಲಯದ ಜಾಲದ ಮೂಲಕ ಹಾಯಿಸುವ ವ್ಯವಸ್ಥೆ) ಅಥವಾ ಲಾಗಿನ್ ಪುಟದ ಮೂಲಕ ಬಂದಿದ್ದಾರೆಯೇ ಎಂದು ನೋಡಬೇಕು. ಈ ಒಂದು ತತ್ತ್ವ ತಿಳಿದವರಿಗೆ ಜಾಲತಾಣದ ಬಣ್ಣ, ಗುಂಡಿಗಳ ಜಾಗ ಎಷ್ಟು ಸಲ ಬದಲಾದರೂ ತೊಂದರೆಯಿಲ್ಲ.

ಇನ್ನೊಂದು ಉದಾಹರಣೆ ಸೂಚೀಕರಣದ್ದು. ಹಳೆಯ ಪುಸ್ತಕದ ಹಿಂಬದಿಯಲ್ಲಿರುವ 10 ಅಂಕೆಗಳ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಕೊಟ್ಟು ಹುಡುಕಿದಾಗ ಕೆಲವು ವ್ಯವಸ್ಥೆಗಳಲ್ಲಿ ದಾಖಲೆ ಸಿಗುವುದಿಲ್ಲ. 2007ರ ಜನವರಿಯಿಂದ 13 ಅಂಕೆಗಳ ಪದ್ಧತಿ ಬಂದಿದೆ ಎಂದು ತಿಳಿದವರು ಸಂಖ್ಯೆಯ ಆರಂಭಕ್ಕೆ 978 ಸೇರಿಸಿ ನೋಡುತ್ತಾರೆ, ಆಗಲೂ ಸಾಮಾನ್ಯವಾಗಿ ಸಿಗುವುದಿಲ್ಲ. ಏಕೆಂದರೆ ಕೊನೆಯ ಅಂಕೆ ತಾಳೆ ನೋಡುವ ಅಂಕೆ. ಅದರ ಹಿಂದೆ ಬರುವ ಅಂಕೆಗಳು ಬದಲಾದರೆ ಅದನ್ನೂ ಹೊಸದಾಗಿ ಲೆಕ್ಕ ಹಾಕಬೇಕು. 0306406152 ಎಂಬ ಸಂಖ್ಯೆ 9780306406157 ಆಗುತ್ತದೆ, ಕೊನೆಯ 2 ಹೋಗಿ 7 ಬರುತ್ತದೆ. ಪರಿವರ್ತಿಸಿಕೊಡುವ ಪುಟಗಳು ಜಾಲದಲ್ಲಿವೆ, ಕೈಯಲ್ಲಿ ಲೆಕ್ಕ ಹಾಕಬೇಕಾಗಿಲ್ಲ; ಆದರೆ ಆ ಪುಟ ಬೇಕಾಗುತ್ತದೆ ಎಂಬ ಅರಿವು ಸಿಬ್ಬಂದಿಗೆ ಇರಬೇಕು.

ಆದ್ದರಿಂದ ಕೌಂಟರಿಗೆ ಬಂದು ಉತ್ತರ ಸಿಗದೆ ಹೋದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ತರಬೇತಿಯ ಪಠ್ಯ ಅದೇ ಆಗಲಿ.

ಉತ್ತರ: ಎರವಲು ಕೌಂಟರ್

ಮೇಲಿನ ಇಬ್ಬರೂ ಹೇಳದ ಮಾತೊಂದಿದೆ. ಕೆಲಸದ ವೇಳಾಪಟ್ಟಿಯಲ್ಲಿ ಕಲಿಕೆಗೆಂದು ಜಾಗವಿಲ್ಲದಿದ್ದರೆ ಯಾವ ಕ್ರಮವೂ ನಡೆಯುವುದಿಲ್ಲ. ‘ಬಿಡುವಾದಾಗ ಮಾಡಿ’ ಎಂದರೆ ಕೌಂಟರಿನಲ್ಲಿ ನಿಲ್ಲುವವರಿಗೆ ‘ಮಾಡಬೇಡಿ’ ಎಂದಂತೆಯೇ, ಏಕೆಂದರೆ ನಮಗೆ ಬಿಡುವಾಗುವುದು ಬಾಗಿಲು ಹಾಕಿದ ಮೇಲೆ. ವಾರಕ್ಕೆ ಒಂದು ಗಂಟೆಯಾದರೂ ಸಾಕು. ಆದರೆ ಆ ಗಂಟೆಯಲ್ಲಿ ಕೌಂಟರಿಗೆ ಬದಲಿ ನಿಲ್ಲುವವರ ಹೆಸರನ್ನೂ ವೇಳಾಪಟ್ಟಿಯಲ್ಲಿಯೇ ಬರೆದಿರಬೇಕು.

ಪ್ರಶ್ನೆ ಕೇಳಿದವರು: ಕಪಾಟಿನಾಚೆ

ಎಲ್ಲರಿಗೂ ಧನ್ಯವಾದಗಳು. ವೇಳಾಪಟ್ಟಿಯ ಮಾತನ್ನು ಮೇಲಧಿಕಾರಿಗಳ ಮುಂದಿಡುತ್ತೇನೆ. ಇನ್ನೊಂದು ಸಂದೇಹ: ಏನನ್ನಾದರೂ ಒತ್ತಿದರೆ ಓದುಗರ ದಾಖಲೆ ಅಳಿಸಿಹೋದೀತು ಎಂಬ ಭಯದಿಂದಲೇ ಕೆಲವರು ಕಂಪ್ಯೂಟರ್ ಮುಟ್ಟುವುದಿಲ್ಲ. ಅದಕ್ಕೇನು ಮಾಡುವುದು?

ಉತ್ತರ: ಪರಾಮರ್ಶನ ವಿಭಾಗ

ಆ ಭಯ ಅಕಾರಣವಲ್ಲ. ನೈಜ ದಾಖಲೆಗಳ ಮೇಲೆ ಅಭ್ಯಾಸ ಮಾಡಿಸುವುದೇ ತಪ್ಪು. ನಿಮ್ಮ ತಂತ್ರಾಂಶದ ಒಂದು ಪ್ರತಿಯನ್ನು ಅಭ್ಯಾಸಕ್ಕೆಂದೇ ಬೇರೆಯಾಗಿ ಸ್ಥಾಪಿಸಿ, ಅದರಲ್ಲಿ ಕಲ್ಪಿತ ಓದುಗರನ್ನು ತುಂಬಿಸಿ. ಗ್ರಂಥಾಲಯ ನಿರ್ವಹಣೆಯ ಕೋಹಾದಂತಹ ಮುಕ್ತ ತಂತ್ರಾಂಶವಾದರೆ ಇದಕ್ಕೆ ಪರವಾನಗಿ ಶುಲ್ಕವೂ ಇಲ್ಲ. ಅಲ್ಲಿ ಸಹಾಯಕರು ಎರವಲು ಕೊಡಲಿ, ದಂಡ ಹಾಕಲಿ, ಬೇಕೆಂದೇ ದಾಖಲೆಯನ್ನು ಅಳಿಸಲಿ. ನಿಜವಾದ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಅವರವರ ಲಾಗಿನ್ ಇರಲಿ, ಅಳಿಸುವ ಅಧಿಕಾರ ಕೆಲವರಿಗಷ್ಟೇ ಇರಲಿ. ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವ ಕಡೆ ಯಾರು ಏನು ಮಾಡಿದರೆಂಬುದು ತಿಳಿಯುವುದಿಲ್ಲ, ಅನುಮಾನ ಮಾತ್ರ ಎಲ್ಲರ ಮೇಲೂ ಬೀಳುತ್ತದೆ.

ಇದರ ಜೊತೆಗೆ ಇನ್ನೊಂದು ಅಭ್ಯಾಸವನ್ನೂ ಮಾಡಿಸಿ. ಓದುಗರು ತಮ್ಮ ಇಮೇಲ್ ತೆರೆಯಲು ಸಹಾಯ ಕೇಳಿದಾಗ ಸಿಬ್ಬಂದಿ ಕೀಲಿಮಣೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳಬಾರದು. ಪಾಸ್‌ವರ್ಡನ್ನು ಓದುಗರೇ ಒತ್ತಲಿ, ಆ ಹೊತ್ತಿಗೆ ನಾವು ಮುಖ ತಿರುಗಿಸಿರೋಣ. ಅವರು ಎದ್ದು ಹೊರಡುವ ಮುನ್ನ ಲಾಗ್‌ಔಟ್ ಆಗಿದೆಯೇ ಎಂದು ನೆನಪಿಸುವುದೂ ಕೌಂಟರಿನ ಕೆಲಸವೇ.