ಪದಚರ್ಚೆ: ‘ಗ್ಲೂಕೋಸ್ ಚಯಾಪಚಯ’ಕ್ಕೆ ರೋಗಿಯ ಮನೆಯವರಿಗೆ ತಿಳಿಯುವ ಮಾತು ಬೇಕು

ಮಾನ್ಯರೇ,

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರ ಮನೆಯವರಿಗಾಗಿ ಎರಡು ಪುಟದ ತಿಳಿವಳಿಕೆ ಪತ್ರವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಮಧ್ಯಾಹ್ನ ಅದು ಅಚ್ಚಿಗೆ ಹೋಗಬೇಕು. ಪಾರ್ಶ್ವವಾಯು ಬಡಿದ ಮೊದಲ ಕೆಲವು ದಿನ ಗ್ಲೂಕೋಸ್ ಚಯಾಪಚಯ (ಇಂಗ್ಲಿಷಿನ ಮೆಟಬಾಲಿಸಮ್) ಏರುಪೇರಾಗಿ, ಮಧುಮೇಹ ಇಲ್ಲದವರ ರಕ್ತದಲ್ಲೂ ಸಕ್ಕರೆ ಏರಬಹುದು ಎಂಬುದು ತೊಡಕಿನ ವಾಕ್ಯ. ಇದನ್ನು ನಮ್ಮ ಅತ್ತೆಯವರಿಗೆ ಓದಲು ಕೊಟ್ಟೆ. “ಗ್ಲೂಕೋಸ್ ಬಾಟಲಿ ಜಾಸ್ತಿ ಹಾಕಿಬಿಟ್ಟರೇನು?” ಎಂದು ಕೇಳಿದರು. ಡ್ರಿಪ್ಪಿಗೆ ನಮ್ಮಲ್ಲಿ ಗ್ಲೂಕೋಸ್ ಎಂದೇ ಹೆಸರು ಎಂಬುದು ನನಗೆ ಹೊಳೆದಿರಲಿಲ್ಲ. ಚಯಾಪಚಯವನ್ನಂತೂ ಅವರು ‘ಅಪಚಾರ’ ಎಂದು ಓದಿಕೊಂಡು ಮುಂದೆ ಹೋದರು. ದಯವಿಟ್ಟು ಪದ ಸೂಚಿಸಿ.

ಉತ್ತರ 1

ಚಯಾಪಚಯವನ್ನು ಕಟ್ಟಿದವರ ಕಣ್ಣ ಮುಂದೆ ಅಮರಕೋಶವಿತ್ತೇ ಹೊರತು ಓದುವ ಮನುಷ್ಯರಿರಲಿಲ್ಲ. ‘ಅರಗು’ ಎಂಬ ನಮ್ಮದೇ ಮಾತು ಮನೆಮನೆಯಲ್ಲಿ ಇರುವಾಗ ‘ಸಕ್ಕರೆಯ ಅರಗಿಕೆ’ ಎಂದು ಬರೆಯಲು ಏನು ಅಡ್ಡಿ? ಗ್ಲೂಕೋಸನ್ನೂ ಶುಗರನ್ನೂ ಕಿತ್ತುಹಾಕಿ. ಎರವಲು ತಂದ ಒಂದೊಂದು ಮಾತೂ ನಮ್ಮ ಒಂದು ಮಾತನ್ನು ಮೂಲೆಗೆ ತಳ್ಳುತ್ತದೆ ಎಂದು ಈ ಬಳಗದಲ್ಲಿ ಎಷ್ಟನೆಯ ಸಲ ಹೇಳಬೇಕೋ ತಿಳಿಯದು.

ಉತ್ತರ 2

ಅರಗಿಕೆ ಸಲ್ಲದು. ಅರಗುವುದು ಹೊಟ್ಟೆ ಕರುಳುಗಳ ಕೆಲಸ. ಇದು ಅಲ್ಲಿಂದ ಮುಂದಿನದು. ಯಕೃತ್ತು ಗ್ಲೂಕೋಸನ್ನು ಗ್ಲೈಕೋಜನ್ ಆಗಿ ಕೂಡಿಡುವುದು ಚಯ, ಜೀವಕೋಶವು ಅದನ್ನು ಒಡೆದು ಶಕ್ತಿ ಪಡೆಯುವುದು ಅಪಚಯ. ಎರಡನ್ನೂ ಒಂದೇ ಸಂಧಿಯಲ್ಲಿ ಹಿಡಿದಿರುವ ಪದವನ್ನು ಕೈಬಿಡುವುದು ಅವಿವೇಕ. ಇನ್ನು ‘ಸಕ್ಕರೆ’ ಅಚ್ಚಗನ್ನಡವೆಂದು ಯಾರು ಹೇಳಿದರು? ಹರಳು, ಮರಳು ಎಂಬ ಅರ್ಥದ ಸಂಸ್ಕೃತದ ‘ಶರ್ಕರಾ’ದ ತದ್ಭವ ಅದು. ಅದೇ ಶರ್ಕರಾ ಪಾರಸಿ, ಅರಬ್ಬಿಗಳ ದಾರಿಯಾಗಿ ಯೂರೋಪಿಗೆ ಹೋಗಿ ‘ಶುಗರ್’ ಆಗಿ ನಮ್ಮಲ್ಲಿಗೆ ಮರಳಿತು. ಒಂದೇ ತಾಯಿಯ ಇಬ್ಬರು ಮಕ್ಕಳಿಗೆ ಪಂಕ್ತಿಭೇದ ಮಾಡುವುದೇ ಶುದ್ಧಿಯಾದರೆ ಅದು ನನಗೆ ಬೇಡ.

ಉತ್ತರ 3

ಇಬ್ಬರಿಗೂ ನಮಸ್ಕಾರ. ವಾರ್ಡಿನಲ್ಲಿ ಶುಶ್ರೂಷಕಿಯಾಗಿ ಬಹುಕಾಲ ದುಡಿದ ನನಗೆ ಚಯಾಪಚಯಕ್ಕಿಂತ ಹೆಚ್ಚು ಭಯ ಹುಟ್ಟಿಸುವ ಪದ ‘ಕಡಿಮೆ’. ಜ್ವರ ಕಡಿಮೆಯಾಯಿತು, ನೋವು ಕಡಿಮೆಯಾಯಿತು ಎಂದರೆ ಕನ್ನಡದಲ್ಲಿ ಗುಣವಾಯಿತು ಎಂದೇ ಅರ್ಥ. ಆದ್ದರಿಂದ “ಶುಗರ್ ಕಡಿಮೆಯಾಗಿದೆ” ಎಂದು ನಾವು ಎಚ್ಚರಿಸಿದರೆ ಹಾಸಿಗೆಯ ಪಕ್ಕದಲ್ಲಿ ಕುಳಿತ ಮಗಳು “ಸದ್ಯ, ದೇವರು ದೊಡ್ಡವನು” ಎಂದು ಕೈಮುಗಿಯುತ್ತಾಳೆ. ಆ ಹೊತ್ತಿನಲ್ಲಿ ರೋಗಿ ಬೆವರುತ್ತಿರಬಹುದು, ಮಂಪರಿನಲ್ಲಿರಬಹುದು. ಮಾತು ತೊದಲಿ, ಎರಡನೆಯ ಸಲ ಲಕ್ವ ಹೊಡೆಯಿತೇನೋ ಎನಿಸುವಷ್ಟು ಹೋಲಿಕೆ ಕಾಣಬಹುದು.

ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟಿರುವ ಮಿದುಳು ವಿಶ್ರಾಂತಿಯಲ್ಲಿಯೂ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಬಳಸುತ್ತದೆ, ಕೂಡಿಟ್ಟುಕೊಳ್ಳುವುದು ಮಾತ್ರ ತೀರ ಅಲ್ಪ. ಪಾರ್ಶ್ವವಾಯುವಿನ ಪೆಟ್ಟು ಬಿದ್ದಾಗ ಕಾರ್ಟಿಸೋಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳ ಒತ್ತಡಕ್ಕೆ ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಮೂಲವಾಕ್ಯದ ‘ಏರುಪೇರು’ ಇದೇ. ಹಾಗೆಂದು ಅದನ್ನು ಬಹಳ ಕೆಳಗೆ ಒತ್ತಿದರೆ ಚೇತರಿಕೆ ಹೆಚ್ಚುವುದಿಲ್ಲ. ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯುವಾದವರ ಮೇಲೆ ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ‘ಶೈನ್’ ಪ್ರಯೋಗದಲ್ಲಿ, ಸಕ್ಕರೆಯನ್ನು (ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ) 80ರಿಂದ 130ರೊಳಗೆ ಬಿಗಿಹಿಡಿಯಲು ಚಿಕಿತ್ಸೆ ಪಡೆದವರೂ 180ರೊಳಗೆ ಇರಿಸಲು ಚಿಕಿತ್ಸೆ ಪಡೆದವರೂ 90 ದಿನಗಳ ಬಳಿಕ ಒಂದೇ ಮಟ್ಟದಲ್ಲಿ ಚೇತರಿಸಿಕೊಂಡಿದ್ದರು; ಸಕ್ಕರೆ ಅಪಾಯಕರವಾಗಿ ಕುಸಿದದ್ದು ಮೊದಲ ಗುಂಪಿನಲ್ಲೇ ಹೆಚ್ಚು. ಆದ್ದರಿಂದ ಪತ್ರದಲ್ಲಿ ‘ಸಕ್ಕರೆ ಇಳಿಸಿ’ ಎಂದು ಎಲ್ಲಿಯೂ ಬರೆಯಬೇಡಿ, ‘ವೈದ್ಯರು ಹೇಳಿದ ಮಿತಿಯಲ್ಲಿರಲಿ’ ಎನ್ನಿ. ಕೆಳಗಿಳಿದ ಸ್ಥಿತಿಗೆ ‘ಸಕ್ಕರೆ ಕುಸಿತ’ ಇರಲಿ. ಕುಸಿತವನ್ನು ಯಾರೂ ಶುಭಸುದ್ದಿಯೆಂದು ಓದುವುದಿಲ್ಲ. ‘ರಕ್ತದ’ ಎಂಬುದನ್ನೂ ಬಿಡಬೇಡಿ, ಬರಿಯ ಸಕ್ಕರೆ ಎಂದರೆ ಕಾಫಿಗೆ ಬೆಲ್ಲ ಹಾಕಿ ಕೊಟ್ಟು ನಿಶ್ಚಿಂತರಾಗುವ ಮನೆಗಳಿವೆ. ನಿಮ್ಮ ವಾಕ್ಯಕ್ಕೆ ‘ದೇಹವು ಸಕ್ಕರೆಯನ್ನು ಬಳಸಿಕೊಳ್ಳುವ ಕ್ರಮ’ ಸಾಕು. ಚಯಾಪಚಯ ಪಠ್ಯಪುಸ್ತಕದಲ್ಲಿ ಸುಖವಾಗಿರಲಿ.

ಅಂದ ಹಾಗೆ, ಲಕ್ವ ಅರಬ್ಬಿಯದು. ಅಲ್ಲಿ ಮುಖದ ಸೊಟ್ಟಕ್ಕಷ್ಟೇ ಆ ಹೆಸರು. ಆದರೂ ಶೀರ್ಷಿಕೆಯಲ್ಲಿ ಪಾರ್ಶ್ವವಾಯುವಿನ ಪಕ್ಕದಲ್ಲಿ ಅದನ್ನೂ ಹಾಕಿ, ಹುಡುಕುವ ಕಣ್ಣಿಗೆ ಮೊದಲು ಬೀಳುವುದು ಅದೇ.

ಉತ್ತರ 4

‘ಕ್ರಮ’ ಸಂಸ್ಕೃತ. ‘ಬಳಸಿಕೊಳ್ಳುವ ಬಗೆ’ ಎನ್ನಿ.

ಪ್ರಶ್ನೆ ಕೇಳಿದವಳಿಂದ

‘ಬಗೆ’ಯನ್ನೇ ಇರಿಸಿದ್ದೇನೆ, ಸಾಲಿನಲ್ಲಿ ಒಂದು ಒತ್ತಕ್ಷರವೂ ಉಳಿತಾಯವಾಯಿತು. ‘ಕುಸಿತ’ವನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ. ಅತ್ತೆಯವರು ಈ ಸಲ ಓದಿ, ಹಾಗೆ ಕುಸಿದರೆ ಮೊದಲು ಏನು ಮಾಡಬೇಕೆಂದು ಕೇಳಿದರು. ಮೂಲದಲ್ಲಿ ಆ ವಾಕ್ಯವೇ ಇಲ್ಲ, ವೈದ್ಯರಿಗೆ ಬರೆದಿದ್ದೇನೆ.