ಪದಚರ್ಚೆ: ‘ಮೀನು ಹಿಡಿದು ಬಿಡಿ’ ಅಂದರೆ ಹಿಡಿಯಬೇಕೋ, ಬಿಡಬೇಕೋ?

ಸೇಡಂನಿಂದ:

ಎಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಹೊಳೆ, ಕೆರೆ, ಜಲಾಶಯಗಳಲ್ಲಿ ಹವ್ಯಾಸಕ್ಕೆ ಮೀನು ಹಿಡಿಯುವವರ ನಿಯಮ ಬದಲಿಸುವ ಬಗ್ಗೆ ಜನರ ಅಭಿಪ್ರಾಯ ಕೇಳುವ ಕರಪತ್ರವೊಂದು ಅನುವಾದಕ್ಕೆ ಬಂದಿದೆ. ಅಲ್ಲಿನ ಕನ್ನಡಿಗರಿಗಾಗಿ. ಜೊತೆಗೆ ದಂಡೆಯಲ್ಲಿ ನಿಲ್ಲಿಸುವ ಒಂದು ಫಲಕದ ಒಕ್ಕಣೆ. ನಾಳೆ ಸಂಜೆಯೊಳಗೆ ಕಳಿಸಬೇಕು.

ರಿಕ್ರಿಯೇಷನಲ್ ಫಿಶಿಂಗ್‌ಗೆ ‘ಮನರಂಜನಾ ಮೀನುಗಾರಿಕೆ’ ಅಂತ ಬರೆದಿದ್ದೇನೆ, ಓದಿದರೆ ಮೀನಿಗೇ ಮನರಂಜನೆ ಅನ್ನುವ ಹಾಗಿದೆ. ಬ್ಯಾಗ್ ಲಿಮಿಟ್ (ದಿನಕ್ಕೆ ಎಷ್ಟು ಮೀನು ಅನ್ನುವುದು), ಪೊಸೆಷನ್ ಲಿಮಿಟ್ (ಒಟ್ಟು ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದು) ಎರಡಕ್ಕೂ ‘ಮಿತಿ’ ಸಾಕೇ? ಸ್ಲಾಟ್ ಲಿಮಿಟ್ (ಮೀನಿನ ಕನಿಷ್ಠ, ಗರಿಷ್ಠ ಅಳತೆ), ಕ್ಲೋಸ್ಡ್ ಸೀಸನ್ (ಹಿಡಿಯಬಾರದ ಕಾಲ), ಪಬ್ಲಿಕ್ ಕನ್ಸಲ್ಟೇಷನ್ (ಜನರ ಅಭಿಪ್ರಾಯ ಕೇಳುವುದು) ಉಳಿದಿವೆ. ಫಲಕದಲ್ಲಿ ಕ್ಯಾಚ್ ಅಂಡ್ ರಿಲೀಸ್‌ಗೆ, ಅಂದರೆ ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವುದಕ್ಕೆ, ‘ಮೀನು ಹಿಡಿದು ಬಿಡಿ’ ಹಾಕಿದ್ದೇನೆ. ನಡೆಯುತ್ತದೆಯೇ?

ಭಾಲ್ಕಿಯಿಂದ:

‘ಮೀನುಗಾರಿಕೆ’ ಸಲ್ಲದು. ‘-ಗಾರಿಕೆ’ ಬಂದಲ್ಲಿ ಕಸುಬು ಬಂತು. ಹವ್ಯಾಸಕ್ಕೆ ‘ಗಾಳ’ ಇದೆಯಲ್ಲ, ‘ಗಾಳ ಹಾಕುವುದು’ ಅನ್ನಿ, ನಾಮಪದ ಬೇಕಿದ್ದರೆ ‘ಗಾಳಹವ್ಯಾಸ’. ತೆಲುಗರಿಗೆ ಗಾಲಂ, ಮರಾಠಿಗರಿಗೆ ಗಳ, ನಮಗೆ ಗಾಳ. ನಮ್ಮ ಕಡೆಯ ಸಂತೆಯಲ್ಲಿ ಮೂರೂ ಕಿವಿಗೆ ಬೀಳುತ್ತವೆ. ಯಾರಾದರೂ ಬಂದು ಇದನ್ನು ಸಂಸ್ಕೃತದ ‘ಗಲ’ಕ್ಕೆ, ಅಂದರೆ ಗಂಟಲಿಗೆ, ಕಟ್ಟಿದರೆ ನಂಬಬೇಡಿ. ಸಂಸ್ಕೃತದಲ್ಲಿ ಗಾಳಕ್ಕೆ ‘ಬಡಿಶ’ ಅಂತ ಬೇರೆಯೇ ಪದವಿದೆ. ಮೇಲಾಗಿ ಗಾಳ ಸಿಗುವುದು ತುಟಿಗೆ, ಗಂಟಲಿಗಲ್ಲ.

ಶಹಾಪುರದಿಂದ:

ಭಾಲ್ಕಿ ಸರ್, ಗಂಟಲಿಗೂ ಸಿಗ್ತದ. ಮೀನು ಎರೆ ನುಂಗಿದ ಮ್ಯಾಲ ತಡಮಾಡಿ ಎಳದ್ರ ಒಳಗೇ ಸಿಗ್ತದ. ಆವಾಗ ಗಾಳ ಕೀಳಬಾರದು, ಕರುಳು ಹರೀತದ. ಬಾಯಿ ಹತ್ರ ತಂಗೂಸಿ ಕತ್ತರಿಸಿ ಹಂಗೇ ನೀರಿಗೆ ಬಿಡಬೇಕು. ಇದು ಕರಪತ್ರದಾಗೂ ಇರ್ತದ, ಅಕ್ಕಾರು ನೋಡ್ಕೊಳ್ರಿ.

ಈಗ ಫಲಕದ ಮಾತು. ‘ಮೀನು ಹಿಡಿದು ಬಿಡಿ’ ಹಾಕಿದ್ರ ಕೆಲಸ ಕೆಟ್ಟಂಗೇ. ‘ತಿಂದುಬಿಡು’ ಅಂದ್ರ ತಿಂದು ಆಮ್ಯಾಲ ಬಿಡು ಅಂತೇನು? ಪೂರಾ ತಿನ್ನು ಅಂತ. ‘ಹಿಡಿದುಬಿಡಿ’ನೂ ಹಂಗೇ, ಯೋಚನೆ ಮಾಡಬ್ಯಾಡ್ರಿ, ಹಿಡೀರಿ ಅಂತ ಧೈರ್ಯ ಹೇಳಿದಂಗ ಆಗ್ತದ. ‘ಹಿಡಿದ ಮೀನನ್ನು ಮರಳಿ ನೀರಿಗೆ ಬಿಡಿ’ ಅಂತ ಬರೀರಿ. ಉದ್ದ ಆಗ್ತದ, ಆಗ್ಲಿ.

ಗಾಳ ಅನ್ನೋದು ತಲೆಬರಹಕ್ಕ ಬರಲ್ಲ. ಅಲ್ಲಿ ಹವ್ಯಾಸಕ್ಕ ಹಿಡಿಯೋದ್ರಾಗ ಯಾಬಿ ಅನ್ನೋ ಸಿಹಿನೀರಿನ ಸಿಗಡಿನೂ ಅದ. ಅದನ್ನ ಹಿಡಿಯೋದು ಗಾಳದಿಂದಲ್ಲ, ಬಲಿಯಿಂದ. ಮ್ಯಾಲಿಂದ ತೆರೆದ, ಹಗ್ಗ ಹಿಡಿದು ಎತ್ತೋ ಬಲಿ ನಡೀತದ. ಒಪೆರಾ ಹೌಸ್ ಬಲಿ ಅಂತ ಮುಚ್ಚಿದ್ದೊಂದು ಇತ್ತು, ಪ್ಲಾಟಿಪಸ್ ಅನ್ನೋ ನೀರಿನ ಪ್ರಾಣಿ ಒಳಗ ಹೊಕ್ಕು ಉಸಿರಿಗೆ ಮ್ಯಾಲ ಬರಲಾಗದ ಸಾಯ್ತಿತ್ತು. ಅದನ್ನ 2021ರ ಏಪ್ರಿಲ್ 30ರಿಂದ ಆ ರಾಜ್ಯದಾಗ ನಿಲ್ಲಿಸ್ಯಾರ. ಆ ನಿಯಮಕ್ಕ ನೀವು ‘ಗಾಳಹವ್ಯಾಸ’ದ ಅಡಿಯಾಗ ಜಾಗ ಹ್ಯಾಂಗ ಕೊಡ್ತೀರಿ?

ಇನ್ನೊಂದು, ಮಜಾಕ್ಕ ಹಿಡಿಯೋದು ಅನ್ನೋದು ಅಲ್ಲಿ ಮುಖ್ಯ ಅಲ್ಲ. ಹಿಡಿದದ್ದನ್ನ ಮಾರಬಾರದು, ಅದೇ ಗೆರೆ. ತಿನ್ನಲಿಕ್ಕ ಹಿಡಿದ್ರೂ ಹವ್ಯಾಸಾನೇ.

ಹುಮನಾಬಾದಿನಿಂದ:

ಭಾಲ್ಕಿಯವರ ‘-ಗಾರಿಕೆ’ ಸೂತ್ರಕ್ಕೆ ಒಂದೇ ಉತ್ತರ: ಹಾಡುಗಾರಿಕೆ. ಮದುವೆ ಮನೆಯಲ್ಲಿ ಹಾಡುವವರೆಲ್ಲ ಕಸುಬಿನವರೇನಲ್ಲ. ‘ಹವ್ಯಾಸಿ ಮೀನುಗಾರಿಕೆ’ ಇಟ್ಟು, ಮೊದಲ ಸಲ ಬಂದಲ್ಲಿ ‘ಮಾರಾಟಕ್ಕಲ್ಲದೆ’ ಅಂತ ಸೇರಿಸಿದರೆ ಮುಗಿಯಿತು.

ಕಲಬುರಗಿಯಿಂದ:

ಮಿತಿ, ಅವಧಿ, ಸಮಾಲೋಚನೆ, ಎಲ್ಲವೂ ಎರವಲು. ನಮ್ಮದೇ ಬೇರುಗಳಿರುವಾಗ ಯಾಕೆ? ಬ್ಯಾಗ್ ಲಿಮಿಟ್‌ಗೆ ‘ಹಿಡಿಯೆಲ್ಲೆ’, ಪೊಸೆಷನ್ ಲಿಮಿಟ್‌ಗೆ ‘ಇರಿಕೆಯೆಲ್ಲೆ’, ಸ್ಲಾಟ್‌ಗೆ ‘ನಡುವಳತೆ’, ಕ್ಲೋಸ್ಡ್ ಸೀಸನ್‌ಗೆ ‘ಬಿಡುಹೊತ್ತು’, ಕನ್ಸಲ್ಟೇಷನ್‌ಗೆ ‘ಮಂದಿಕೇಳಿಕೆ’. ‘ಮೀನು’ ಎಂಬ ಪದವನ್ನು ಸಂಸ್ಕೃತವೇ ನಮ್ಮ ನುಡಿಕುಲದಿಂದ ‘ಮೀನ’ ಎಂದು ಪಡೆಯಿತು. ಮಿನುಗುವುದರಿಂದ ಮೀನು ಅನ್ನುವವರೂ ಇದ್ದಾರೆ. ಕೊಟ್ಟವರು ಬೇಡುವವರಾಗಬೇಕಿಲ್ಲ. ‘ಹಿಡಿದು ಬಿಡಿ’ಯ ವಿಷಯದಲ್ಲೂ ಗಾಬರಿ ಬೇಡ. ಕೂಡಿಸಿ ಬರೆದರೆ ಒಂದು ಅರ್ಥ, ಬಿಡಿಸಿ ಬರೆದರೆ ಇನ್ನೊಂದು.

ಶಹಾಪುರದಿಂದ:

ಫಲಕ ಬರಿಯೋ ಪೇಂಟರ್ ಜಾಗ ಉಳಿಸ್ಲಿಕ್ಕ ಎರಡನ್ನೂ ಕೂಡಿಸಿಬಿಡ್ತಾನ. ಜೋರಾಗಿ ಓದುವಾಗ ನಡುವಿನ ಜಾಗ ಕೇಳಸಲ್ಲ.

‘ಹಿಡಿಯೆಲ್ಲೆ’ ಓದಿದವರಿಗೆ ನೆನಪಾಗೋದು ಒಂದು ಹಿಡಿ ಅಕ್ಕಿ. ‘ನಡುವಳತೆ’ನ ನಡವಳಿಕೆ ಅಂತ ಓದ್ತಾರ, ದರ್ಜಿ ಆದ್ರ ಸೊಂಟದ ಅಳತೆ ಅಂತಾನ. ‘ಬಿಡುಹೊತ್ತು’ ಅಂದ್ರ ಬಿಡುವಿನ ಹೊತ್ತು, ಭಾನುವಾರ. ಮಂದಿ ಮೀನು ಹಿಡಿಲಾಕ ಹೋಗೋದೇ ಆವಾಗ! ‘ಬಿಡು’ ನಂಬಿ ಎರಡು ಕಡೆ ಕೆಟ್ರಿ.

ಅಕ್ಕಾರ, ಬ್ಯಾಗ್ ಮತ್ತ ಪೊಸೆಷನ್ ಎರಡಕ್ಕೂ ಬರೇ ‘ಮಿತಿ’ ಹಾಕಬ್ಯಾಡ್ರಿ, ಓದಿದವರು ದಂಡ ಕಟ್ತಾರ. ಮರ್ರೆ ಕಾಡ್ ಮೀನಿಗೆ ಅಲ್ಲಿ ದಿನಕ್ಕ ಒಬ್ಬರಿಗೆ 2, ಕೈಯಾಗ ಒಟ್ಟು ಇಟ್ಕೊಳ್ಳೋದು 4. ಶನಿವಾರ 2 ಹಿಡಿದು ಫ್ರಿಜ್‌ನಾಗ ಇಟ್ರ, ಭಾನುವಾರ ಮತ್ತ 2 ಹಿಡಿದ್ರ, ಸೋಮವಾರ ಒಂದೂ ಇಟ್ಕೊಳ್ಳಂಗಿಲ್ಲ, ಫ್ರಿಜ್‌ನಾಗಿಂದು ತಿಂದು ಮುಗಿಸೋ ತನಕ. ಅದಕ್ಕ ಒಂದು ‘ದಿನದ ಮಿತಿ’, ಇನ್ನೊಂದು ‘ಒಟ್ಟು ಸಂಗ್ರಹ ಮಿತಿ’. ‘ಬ್ಯಾಗ್ ಮಿತಿ’ ಅಂದ್ರ ವಿಮಾನದ ಲಗೇಜ್ ಆಗ್ತದ. ‘ಸ್ವಾಧೀನ ಮಿತಿ’ ಅಂದ್ರ ನಮ್ಮ ಕಡಿ ಮಂದಿ ಕಾಲುವೆಗೆ ಹೋದ ಹೊಲದ ಪರಿಹಾರ ಕೇಳ್ತಾರ.

ಸ್ಲಾಟ್‌ಗೆ ಪದಾನೇ ಬ್ಯಾಡ, ವಾಕ್ಯ ಬರೀರಿ: 55ಕ್ಕಿಂತ ಸಣ್ಣದೂ ಬ್ಯಾಡ, 75ಕ್ಕಿಂತ ದೊಡ್ಡದೂ ಬ್ಯಾಡ, ಸೆಂಟಿಮೀಟರ್ ಲೆಕ್ಕ. ಇಲ್ಲಿ ಅನುವಾದ ಮಾಡೋರು ತಪ್ಪೋದು ಒಂದೇ ಕಡೆ. ‘ಕನಿಷ್ಠ ಅಳತೆ 55’ ಅಂತ ಬರದು ಮ್ಯಾಲಿನ ಗೆರೆ ಮರೀತಾರ. ದೊಡ್ಡ ಹೆಣ್ಣು ಮೀನೇ ಹೆಚ್ಚು ತತ್ತಿ ಇಡೋದು, ಅದನ್ನ ಉಳಸಲಿಕ್ಕೇ ಮ್ಯಾಲಿನ ಗೆರೆ. ಅಳಿಯೋದು ಮೂತಿ ತುದಿಯಿಂದ ಬಾಲದ ತುದಿ ತನಕ, ಪಟ್ಟಿ ಮ್ಯಾಲ ಮಲಗಿಸಿ. ಮೈ ಮ್ಯಾಲ ಟೇಪು ಬಾಗಿಸಿ ಅಳದ್ರ ಒಂದೆರಡು ಸೆಂಟಿಮೀಟರ್ ಹೆಚ್ಚು ತೋರಸ್ತದ, 54ರ ಮೀನು 55 ಆಗಿ ಬುಟ್ಟಿಗೆ ಬೀಳ್ತದ.

ಸೇಡಂನಿಂದ:

ತುಂಬಾ ಉಪಕಾರ. ಮೂಲದಲ್ಲಿ ಕ್ಲೋಸ್ಡ್ ಸೀಸನ್‌ಗೆ ‘ವಸಂತ ಋತು’ ಅಂತಿದೆ. ‘ವಸಂತ ಋತುವಿನಲ್ಲಿ ನಿಷೇಧ’ ಅನ್ನಲೇ?

ಶಹಾಪುರದಿಂದ:

ಬ್ಯಾಡ್ರಿ. ಅಲ್ಲಿನ ವಸಂತ ಸೆಪ್ಟೆಂಬರ್‌ನಿಂದ ನವೆಂಬರ್. ನಮ್ಮವರು ವಸಂತ ಅಂದ್ರ ಯುಗಾದಿ ಅಂತಾರ, ಆರು ತಿಂಗಳು ತಪ್ಪಿ ಹೋಗ್ತದ. ಸೆಪ್ಟೆಂಬರ್ 1ರಿಂದ ನವೆಂಬರ್ 30 ಅಂತ ತಾರೀಖೇ ಹಾಕ್ರಿ.

ಬರೇ ‘ಮೀನುಗಾರಿಕೆ ನಿಷೇಧ’ ಅಂದ್ರೂ ತಪ್ಪು. ಕರಾವಳಿಯಾಗ ಜೂನ್, ಜುಲೈದಾಗ ದೋಣಿನೇ ನಿಲ್ಲಸ್ತಾರಲ್ಲ, ಓದೋರಿಗೆ ಅದು ತಲಿಯಾಗ ಇರ್ತದ. ಇಲ್ಲಿ ನಿಲ್ಲೋದು ಮರ್ರೆ ಕಾಡ್ ಒಂದೇ, ಬ್ಯಾರೆ ಮೀನು ಹಿಡಿಬಹುದು. ಈ ಮೂರು ತಿಂಗಳು ಅದು ತತ್ತಿ ಇಡೋ ಕಾಲ. ಗಂಡು ಮೀನು ತತ್ತಿ ಕಾಯ್ತಾ ಕುಂತಿರ್ತದ, ಅದನ್ನ ಎಳದು ಮರಳಿ ಬಿಟ್ರೂ ಅಷ್ಟರಾಗ ತತ್ತಿ ಬ್ಯಾರೆ ಮೀನಿನ ಪಾಲು. ಅದಕ್ಕ ಆ ಕಾಲದಾಗ ‘ಹಿಡಿದು ಮರಳಿ ಬಿಡ್ತೀನಿ’ ಅನ್ನೋದೂ ನಡಿಯಂಗಿಲ್ಲ. ತಾನಾಗೇ ಗಾಳಕ್ಕ ಬಿದ್ರ ಮಾತ್ರ ಕೂಡಲೇ ಬಿಡಬೇಕು. ‘ಮರ್ರೆ ಕಾಡ್ ತತ್ತಿಗಾಲ, ಹಿಡಿಯಬಾರದು’ ಅನ್ರಿ.

ಹಾಂ, ‘ಕಾಡ್’ ಮುಂದ ‘ಮೀನು’ ಸೇರಸ್ರಿ. ಇಲ್ಲಾಂದ್ರ ‘ಮರ್ರೆ ಕಾಡು’ ಆಗಿ ಮಂದಿ ಅರಣ್ಯ ಹುಡಕ್ತಾರ.

ಗಾಳದ ಬಾರ್ಬ್‌ಗೆ, ಅಂದ್ರ ತುದಿ ಹತ್ರ ಹಿಂದಕ್ಕ ಚಾಚಿದ ಮುಳ್ಳಿಗೆ, ‘ಹಿಮ್ಮುಳ್ಳು’ ಚಲೋ. ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ರ ಗಾಳ ಸಲೀಸಾಗಿ ಬರ್ತದ. ಮೀನು ಮುಟ್ಟೋ ಮೊದಲು ಕೈ ಒದ್ದೆ ಮಾಡ್ಕೋಬೇಕು, ಒಣ ಕೈಗೆ ಮೈಮ್ಯಾಲಿನ ಲೋಳೆ ಕಿತ್ತು ಬರ್ತದ. ಕಿವಿರಿಗೆ ಬೆರಳು ಹಾಕಬಾರದು. ‘ಎರೆ’ ನಮ್ಮ ಕಡಿ ಕಪ್ಪು ಭೂಮಿನೂ ಹೌದು, ಆದ್ರ ಸಿಡ್ನಿಯಾಗ ಯಾರೂ ಗೊಂದಲ ಮಾಡ್ಕೊಳ್ಳಲ್ಲ, ಇಟ್ಕೊಳ್ರಿ.

ಹುಮನಾಬಾದಿನಿಂದ:

ಕನ್ಸಲ್ಟೇಷನ್ ಬಾಕಿ ಉಳಿಯಿತು. ‘ತಕರಾರು ಆಹ್ವಾನ’ ಅಂತ ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ಅದು ಬೇಡ. ಅಲ್ಲಿ ಒಪ್ಪಿಗೆಯನ್ನೂ ಕೇಳುತ್ತಾರೆ. ‘ಸಾರ್ವಜನಿಕ ಅಹವಾಲು’ ಅಂದರೆ ಡಿಸಿ ಕಚೇರಿ ಮುಂದೆ ಸಾಲು ನಿಂತ ಹಾಗೆ. ‘ಜನಾಭಿಪ್ರಾಯ ಸಂಗ್ರಹ’ ಸಾಕು.

ಕಲಬುರಗಿಯವರಿಗೆ: ‘ಎರವಲು’ ಅಂತ ಸಂಸ್ಕೃತಕ್ಕಷ್ಟೇ ಚೀಟಿ ಅಂಟಿಸಿದ್ದೀರಿ. ಕಾಯ್ದೆ, ಅರ್ಜಿ, ಜಮೀನು, ತಕರಾರು ಎಲ್ಲಿಂದ ಬಂದವು? ನಿಜಾಮರ ಬಳುವಳಿ ಅನ್ನಬೇಡಿ, ಮೈಸೂರಿನ ಕಡತಗಳಲ್ಲೂ ಇವೇ. ತಕರಾರು ಅಂದರೆ ಅರಬ್ಬಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವುದು. ಈ ಚರ್ಚೆಗೆ ಅದಕ್ಕಿಂತ ಒಪ್ಪುವ ಪದ ‘ಮಂದಿಕೇಳಿಕೆ’ಯಲ್ಲಿ ಹುಟ್ಟುವುದಿಲ್ಲ.

ಕಲಬುರಗಿಯಿಂದ:

ಬಂದದ್ದೆಲ್ಲ ಉಳಿಯಬೇಕೆಂಬ ನಿಯಮವಿಲ್ಲ. ನನ್ನ ಮಾತು ಮುಗಿಯಿತು.

ಸೇಡಂನಿಂದ:

ಫಲಕ ಹೀಗಿದೆ, ನೋಡಿ:

ಮರ್ರೆ ಕಾಡ್ ಮೀನು
55 ಸೆಂ.ಮೀ.ಗಿಂತ ಚಿಕ್ಕದನ್ನೂ 75 ಸೆಂ.ಮೀ.ಗಿಂತ ದೊಡ್ಡದನ್ನೂ ಕೂಡಲೇ ಮರಳಿ ನೀರಿಗೆ ಬಿಡಿ.
ದಿನಕ್ಕೆ ಒಬ್ಬರಿಗೆ 2. ಮನೆಯಲ್ಲಿಟ್ಟದ್ದೂ ಸೇರಿ ಒಟ್ಟು 4.
ಸೆಪ್ಟೆಂಬರ್ 1ರಿಂದ ನವೆಂಬರ್ 30: ತತ್ತಿಗಾಲ, ಹಿಡಿಯಬಾರದು.

ಶಹಾಪುರದಿಂದ:

‘ಮನೆಯಲ್ಲಿಟ್ಟದ್ದೂ’ ತೆಗೀರಿ. ಕಾರಿನ ಐಸ್ ಡಬ್ಬಿಯಾಗ ಇಟ್ಟದ್ದು ಲೆಕ್ಕಕ್ಕಿಲ್ಲ ಅಂತ ವಾದ ಮಾಡ್ತಾರ. ‘ಎಲ್ಲಿಟ್ಟಿದ್ದರೂ ಸೇರಿ’ ಮಾಡ್ರಿ. ಉಳದದ್ದು ಸರಿ ಅದ.

ಭಾಲ್ಕಿಯಿಂದ:

ಗಾಳ ಎಲ್ಲಿ?

ಸೇಡಂನಿಂದ:

ಮೂರನೇ ಪುಟದಲ್ಲಿದೆ ಸರ್, ಹಿಮ್ಮುಳ್ಳಿನ ಜೊತೆ.